ಪಡುವಾದಲ್ಲಿ ನಿಮ್ಮಪ್ಪ ಮಾತಾಡಿದ್ದು

ಪಿನ್ನರ್
ಮಂಗಳವಾರ, ಅಕ್ಟೋಬರ್ 22, 2024

ಮುದ್ದು ಅಮೂಲ್ಯಾ,

ನಾವಿಬ್ಬರೂ ಇಲ್ಲಿ ಕ್ಷೇಮ ಅಂತ ಮೊದಲ ಸಾಲಿನಲ್ಲೇ ಬರೆಯುವುದು ಪದ್ಧತಿ. ಅದರಲ್ಲಿ ಅರ್ಧ ಮಾತ್ರ ನಿಜ, ಆದ್ದರಿಂದ ಅರ್ಧವನ್ನೇ ಬರೆಯುತ್ತೇನೆ. ನಾನು ಕ್ಷೇಮ.

ಒಂದೇ ಊರಿನಲ್ಲಿದ್ದುಕೊಂಡು ಪಿನ್ನರ್‌ನಿಂದ ಗ್ರೀನಿಚ್‌ಗೆ ಅಂಚೆಯಲ್ಲಿ ಪತ್ರ ಹಾಕುತ್ತಾಳಲ್ಲ ಅಮ್ಮ ಅಂತ ನಗಬೇಡ. ಪ್ರತಿ ಭಾನುವಾರ ಫೋನಿನಲ್ಲಿ ಮಾತಾಡುತ್ತೇವೆ, ನಿಜ. ಆದರೆ ಅಪ್ಪ ಅನ್ನುವ ಶಬ್ದ ನನ್ನ ಬಾಯಿಂದ ಹೊರಟ ತಕ್ಷಣ ನಿನಗೆ ಬಸ್ ಬಂದುಬಿಡುತ್ತದೆ. ಇಷ್ಟು ಸಮಯಕ್ಕೆ ಸರಿಯಾಗಿ ಬರುವ ಬಸ್ಸನ್ನು ನಾನು ಲಂಡನ್ನಿನಲ್ಲಿ ಬೇರೆಲ್ಲೂ ಕಂಡಿಲ್ಲ. ಅದಕ್ಕೇ ಪತ್ರ. ನಿನಗೆ ಕನ್ನಡ ಓದುವುದನ್ನು ಮರೆಯಲು ಬಿಡದೆ ಶನಿವಾರ ಶನಿವಾರ ಕೂರಿಸಿ ಓದಿಸಿದವರು ಅವರೇ, ಅದು ಇವತ್ತು ಕೆಲಸಕ್ಕೆ ಬಂತು.

ವಿಷಯ ಇಷ್ಟು. ನಿಮ್ಮಪ್ಪನ ಗಂಟಲಿನಲ್ಲಿ ಕ್ಯಾನ್ಸರ್ ಇದೆ. ನವೆಂಬರ್ ಏಳಕ್ಕೆ ಆಪರೇಷನ್. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯುತ್ತಾರೆ. ಜೀವಕ್ಕೆ ಭಯವಿಲ್ಲ ಅಂತ ಸರ್ಜನ್ ಎರಡೆರಡು ಸಲ ಹೇಳಿದ್ದಾರೆ, ನಾನು ನಂಬಿದ್ದೇನೆ, ನೀನೂ ನಂಬು. ಆದರೆ ಆಮೇಲೆ ಅವರಿಗೆ ದನಿ ಇರುವುದಿಲ್ಲ. ಏನೋ ಒಂದು ಸಾಧನ ಕೂರಿಸಿ ಮಾತು ಬರಿಸಬಹುದಂತೆ. ಅದು ಮಾತಾಗಿರಬಹುದು, ನಿಮ್ಮಪ್ಪನ ದನಿಯಾಗಿರುವುದಿಲ್ಲ. ಏಳನೇ ತಾರೀಖಿನೊಳಗೆ ನೀನು ಮನೆಗೆ ಬಂದು ಅವರ ಜೊತೆ ಮಾತಾಡಬೇಕು. ಇದೊಂದಕ್ಕಾಗಿ ಇಷ್ಟುದ್ದ ಬರೆಯುತ್ತಿದ್ದೇನೆ.

ನಿನಗೆ ಹೇಳಬಾರದು ಅಂತ ಅವರು ಆಸ್ಪತ್ರೆಯ ಕಾರ್ ಪಾರ್ಕಿನಲ್ಲೇ ನನ್ನಿಂದ ಮಾತು ತೆಗೆದುಕೊಂಡರು. ಹನ್ನೊಂದನೇ ತಾರೀಖಿಗೆ ನಿನ್ನ ಪರೀಕ್ಷೆ, ಆರ್ಕಿಟೆಕ್ಟ್ ಅನ್ನಿಸಿಕೊಳ್ಳುವುದಕ್ಕೆ ಇರುವ ಕೊನೆಯದು. ಅದು ಮುಗಿದುಬಿಡಲಿ, ಈಗ ಅವಳ ತಲೆ ಕೆಡಿಸೋದು ಬೇಡ, ಆಮೇಲೆ ನಿಧಾನವಾಗಿ ಹೇಳೋಣ ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಇದೇ ಮಾತನ್ನು ಎರಡು ವರ್ಷದ ಹಿಂದೆಯೂ ಹೇಳಿದ್ದರಲ್ಲ.

ಆಗ ನಡೆದದ್ದನ್ನು ನೀನೂ ಮರೆತಿಲ್ಲ, ನಾನೂ ಮರೆತಿಲ್ಲ. ನಿನ್ನನ್ನು ಹತ್ತು ವರ್ಷದವರೆಗೆ ಮೈಸೂರಿನಲ್ಲಿ ಸಾಕಿದ ಅಜ್ಜಿ ಆಸ್ಪತ್ರೆ ಸೇರಿದರು, ನಿನಗೆ ಮಾಸ್ಟರ್ಸ್ ಪ್ರಾಜೆಕ್ಟ್ ಒಪ್ಪಿಸುವ ವಾರ. ದೆಹಲಿಯಲ್ಲಿ ಕಾನ್ಫರೆನ್ಸ್ ಅಂತ ನಿನಗೆ ಹೇಳಿ ಅಪ್ಪ ಮೈಸೂರಿಗೆ ಹೋದರು, ತಮ್ಮ ತಾಯಿಯ ಕರ್ಮ ಮುಗಿಸಿಕೊಂಡೇ ಬಂದರು. ನಿನಗೆ ಗೊತ್ತಾದದ್ದು ಜಯಾ ಅತ್ತೆಯ ಮಗಳು ಸೃಷ್ಟಿಯ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಹಾರ ಹಾಕಿದ ಫೋಟೋ ನೋಡಿ. ನಮ್ಮಲ್ಲಿ ಹೀಗೇ ಮಾಡುತ್ತಾರೆ, ಪರೀಕ್ಷೆ ಇರುವ ಮಕ್ಕಳಿಗೆ ಸಾವಿನ ಸುದ್ದಿ ಮುಟ್ಟಿಸುವುದಿಲ್ಲ. ನಿಮ್ಮಪ್ಪನಿಗೂ ಅವರ ತಾತ ಹೋದದ್ದನ್ನು ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಹೇಳಿದರಂತೆ. ಹಾಗಂತ ಅದು ಸರಿ ಅನ್ನುತ್ತಿಲ್ಲ ನಾನು. ನಾನಾಗಿ ಮಾಡುವವರೆಗೆ ನೀವು ನನಗೆ ಫೋನ್ ಮಾಡಬೇಡಿ ಅಂತ ನೀನು ಅವರಿಗೆ ಹೇಳಿ ಹೋದೆ. ಅವರು ಒಂದು ಸಲವೂ ಮಾಡಲಿಲ್ಲ. ನೀನು ಅದನ್ನು ಜಂಬ ಅಂದುಕೊಂಡಿದ್ದೀಯ. ಜಂಬ ಅಲ್ಲ ಕಣೇ. ಡಾಕ್ಟರು ಬರೆದುಕೊಟ್ಟ ಔಷಧಿಯನ್ನು ಬರೆದ ಹಾಗೇ ತೆಗೆದುಕೊಳ್ಳುವ ರೋಗಿಗಳಿರುತ್ತಾರಲ್ಲ, ಆ ಥರ ನಿನ್ನ ಮಾತನ್ನು ಪಾಲಿಸುತ್ತಿದ್ದಾರೆ. ದಿನಾ ಸಂಜೆ ನೀನು ಫೋನ್ ಮಾಡಿದೆಯಾ ಅಂತ ಮಾತ್ರ ನನ್ನನ್ನು ಕೇಳುತ್ತಾರೆ.

ಈಗ ಪಡುವಾ ವಿಷಯ. ಹೋದ ವಾರ ಇಟಲಿಗೆ ಹೋಗಿದ್ದೆವು, ಸುಮ್ಮನೆ ತಿರುಗಾಟ ಅಂತ ನಿನಗೆ ಹೇಳಿದ್ದೆ. ಆಪರೇಷನ್ನಿಗೆ ಮುಂಚೆ ಎಲ್ಲಿಗಾದರೂ ಹೋಗೋಣ, ನೀವೇ ಹೇಳಿ ಅಂದಿದ್ದೆ ನಾನು. ಮೈಸೂರು ಅನ್ನುತ್ತಾರೆ ಅಂದುಕೊಂಡಿದ್ದರೆ ಪಡುವಾ ಅಂದರು. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ನಾನೂರು ವರ್ಷದ ಹಿಂದೆ ಹೆಣ ಕೊಯ್ದು ಹುಡುಗರಿಗೆ ಪಾಠ ಮಾಡುತ್ತಿದ್ದ ಮರದ ಗ್ಯಾಲರಿ ಇದೆಯಂತೆ, ಸರ್ಜನ್ ಆದವನು ಜೀವಮಾನದಲ್ಲಿ ಒಮ್ಮೆ ನೋಡಲೇಬೇಕಂತೆ. ಕಾಯಿಲೆ ಬಿದ್ದ ಗಂಡನನ್ನು ಕರೆದುಕೊಂಡು ಹೆಣ ಕೊಯ್ಯುವ ಜಾಗ ನೋಡಲು ಹೋದ ಹೆಂಗಸು ಪ್ರಪಂಚದಲ್ಲಿ ನಾನೊಬ್ಬಳೇ ಇರಬೇಕು. ಲೂಟನ್ನಿಂದ ವೆನಿಸ್ಸಿಗೆ ಹಾರಿ, ರೈಲು ಹತ್ತಿ ಹೋಗಿ ನೋಡಿದೆವು. ಬಾವಿಯ ಹಾಗೆ ಇಕ್ಕಟ್ಟು. ಅವರಿಗೆ ಬಹಳ ಖುಷಿಯಾಯಿತು.

ಮಾರನೆಯ ದಿನ ನನ್ನ ಸರದಿ ಅಂದೆ. ನಾನು ಕೆಲಸ ಮಾಡುವ ಡಾಕ್ಟರ ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ನನ್ನ ಪಕ್ಕ ಕೂರುವ ಗೋವಾದ ಫಿಲೋಮಿನಾ, ಪಡುವಾಗೆ ಹೋದರೆ ಸಂತ ಆಂಟನಿಯ ಬಸಿಲಿಕಾ ಬಿಡಬೇಡ, ಕಳೆದುಹೋದದ್ದನ್ನು ಹುಡುಕಿಕೊಡುವ ಸಂತ ಅಂತ ಹೇಳಿದ್ದಳು. ನಿಮ್ಮಪ್ಪ ಗೊಣಗಿಕೊಂಡೇ ಬಂದರು. ನೀನು ಬಂದಿದ್ದರೆ ಆ ಗುಮ್ಮಟಗಳ ಮೇಲೆ ಒಂದು ಗಂಟೆ ಉಪನ್ಯಾಸ ಕೊಡುತ್ತಿದ್ದೆ. ನನಗೆ ಕಂಡದ್ದು, ಉದ್ದಕ್ಕೂ ಇಟ್ಟಿಗೆ ಗೋಡೆ, ಮೇಲೆ ಸಾಲು ಗುಮ್ಮಟ, ನಡುನಡುವೆ ಮಿನಾರಿನಂಥ ಸಪೂರ ಗೋಪುರ. ಚರ್ಚು ಕಟ್ಟಲು ಹೊರಟವರಿಗೆ ಮಧ್ಯದಲ್ಲಿ ಮನಸ್ಸು ಬದಲಾದ ಹಾಗಿದೆ. ಆದರೂ ನೋಡಿದರೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಬಾಗಿಲಲ್ಲಿ ನಾನು ಅಭ್ಯಾಸಬಲದಿಂದ ಶೂ ಬಿಚ್ಚಿ, ಗೋಡೆಗೆ ಒತ್ತಿಟ್ಟು, ಬಲಗಾಲು ಮುಂದಿಟ್ಟು ಒಳಗೆ ಹೋದೆ. ಕಾವಲಿನವನು ಓಡಿಬಂದು ಎರಡನ್ನೂ ನನ್ನ ಕೈಗೆ ಕೊಟ್ಟ. ನಿಮ್ಮಪ್ಪ ನನ್ನ ಗುರುತೇ ಇಲ್ಲದವರ ಹಾಗೆ ಮುಂದೆ ಹೋಗಿಬಿಟ್ಟರು. ದೇವರ ಮನೆಯೊಳಗೆ ಚಪ್ಪಲಿ ಮೆಟ್ಟಿ ನಡೆಯಲು ನನಗೆ ಮನಸ್ಸು ಒಪ್ಪಲಿಲ್ಲ, ಕೊನೆಯವರೆಗೂ ಶೂ ಕೈಯಲ್ಲಿ ಹಿಡಿದೇ ತಿರುಗಿದೆ.

ಒಳಗೆ ಎಡಗಡೆಗೆ ಸಂತನ ಸಮಾಧಿ. ಜನ ಸಾಲಾಗಿ ಅದರ ಹಿಂದುಗಡೆ ಬಂದು ಕಲ್ಲಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಏನೋ ಕೇಳಿಕೊಂಡು ಮುಂದೆ ಹೋಗುತ್ತಾರೆ. ನಿಮ್ಮಪ್ಪ ಗೊತ್ತಲ್ಲ, ಚಾಮುಂಡಿ ಬೆಟ್ಟಕ್ಕೆ ಹೋದರೂ ಹೊರಗೆ ಕಡಲೆಕಾಯಿ ತಿನ್ನುತ್ತ ನಿಲ್ಲುವವರು. ಅಲ್ಲಿಯೂ ಒಂದು ಕಂಬಕ್ಕೆ ಒರಗಿ ನಿಂತರು. ನಾನು ಸಾಲಿನಲ್ಲಿ ಹೋಗಿ ಅಂಗೈ ಇಟ್ಟೆ. ಇವರ ಗಂಟಲು ಉಳಿಸಪ್ಪಾ ಅಂತ ಕೇಳಬೇಕೆಂದು ಹೋದವಳು, ನಿನ್ನ ಹೆಸರು ಹೇಳಿ ಬಂದೆ. ಯಾಕೆ ಅಂತ ನನಗೂ ಗೊತ್ತಿಲ್ಲ, ಬಾಯಿಗೆ ಬಂದದ್ದು ಅದೇ.

ಆಮೇಲೆ ಎಲ್ಲರೂ ಹೋಗುತ್ತಿದ್ದಾರಲ್ಲ ಅಂತ ನಾವೂ ತೀರಾ ಹಿಂಭಾಗಕ್ಕೆ ಹೋದೆವು. ಗೋಡೆ ತುಂಬ ಅಮೃತಶಿಲೆಯ ದೇವದೂತರು, ನಾಲ್ಕಾರು ಮೆಟ್ಟಿಲು, ಮೇಲೆ ಗಾಜಿನ ಹಿಂದೆ ಚಿನ್ನದ ಪಾತ್ರೆಗಳು. ಅದರಲ್ಲಿ ಆ ಸಂತನ ನಾಲಿಗೆ ಇಟ್ಟಿದ್ದಾರೆ. ಹೌದು, ನಾಲಿಗೆ. ದೊಡ್ಡ ಮಾತುಗಾರನಂತೆ, ಗೋರಿ ತೆರೆದಾಗ ಮೈಯೆಲ್ಲ ಮಣ್ಣಾಗಿ ನಾಲಿಗೆ ಮಾತ್ರ ಹಾಗೇ ಇತ್ತಂತೆ. ಅದೂ ಸಾಲದು ಅಂತ ಇನ್ನೊಂದು ಕಡೆ ಧ್ವನಿಪೆಟ್ಟಿಗೆಯ ಚೂರುಗಳು. ನಿನ್ನಾಣೆ, ಇದು ನನಗೆ ಮುಂಚೆ ಗೊತ್ತಿರಲಿಲ್ಲ. ಫಿಲೋಮಿನಾ ಒಂದು ಮಾತು ಹೇಳಿರಲಿಲ್ಲ. ಗೊತ್ತಿದ್ದರೆ ಅವರನ್ನು ಆ ಕಡೆಗೆ ತಲೆ ಹಾಕಲು ಬಿಡುತ್ತಿದ್ದೆನಾ?

ನಾನು ಅವರ ತೋಳು ಹಿಡಿದು ಹಿಂದಕ್ಕೆ ಎಳೆದೆ. ಅವರು ಮಾತ್ರ ಕನ್ನಡಕ ಮೇಲೇರಿಸಿ ಗಾಜಿನ ಹತ್ತಿರ ಬಗ್ಗಿದರು. ಮೂವತ್ತು ವರ್ಷ ಜನರ ಗಂಟಲಿಗೆ ಕತ್ತಿ ಹಾಕಿದವರು, ಕೇಳಬೇಕೇ. ವಾರ್ಡಿನಲ್ಲಿ ಜೂನಿಯರ್‌ಗಳಿಗೆ ಹೇಳಿಕೊಡುವ ಹಾಗೆ ಶುರು ಮಾಡಿದರು. ನೋಡು ವತ್ಸಲಾ, ಇದು ಮುಂದಿನ ಮೂಳೆ, ಮೂಳೆ ಅಂದರೆ ಪೂರ್ತಿ ಮೂಳೆಯಲ್ಲ, ಕಿವಿಯ ಹಾಗೆ ಮೆತ್ತಗಿರುತ್ತೆ, ಇದರ ಹಿಂದೆ ಎರಡು ಮಡಿಕೆ, ಉಗುರಿನಷ್ಟಗಲ, ಬೈಯೋದು, ಹಾಡೋದು, ಕೆಮ್ಮೋದು ಎಲ್ಲ ಅದರಲ್ಲೇ, ನನಗೆ ಇಲ್ಲಿಂದ ಇಲ್ಲಿವರೆಗೆ ತೆಗೀತಾರೆ ಅಂದರು. ಆ ಒಡೆದ ದನಿಯಲ್ಲೇ. ಬೇಸಿಗೆಯಿಂದ ದನಿ ಹಾಗೇ ಇತ್ತು, ಹೇ ಫೀವರ್, ಪರಾಗದ ಅಲರ್ಜಿ ಅಂತ ತಾವೇ ರೋಗಪತ್ತೆ ಮಾಡಿಕೊಂಡಿದ್ದರು ದೊಡ್ಡ ಸ್ಪೆಷಲಿಸ್ಟು. ಇಂಥ ಆಪರೇಷನ್ನಿಗೆ ಬರುವ ಪ್ರತಿ ರೋಗಿಗೂ, ಯಾರ ಜೊತೆ ಮಾತಾಡಬೇಕೋ ಅವರ ಜೊತೆ ಮೊದಲೇ ಮಾತಾಡಿಬಿಡಿ ಅಂತ ಬುದ್ಧಿ ಹೇಳುತ್ತಿದ್ದ ಮನುಷ್ಯ, ತಾನು ಮಾತಾಡಬೇಕಾದವಳನ್ನು ಗ್ರೀನಿಚ್ಚಿನಲ್ಲಿ ಬಿಟ್ಟು ಇಟಲಿಯ ಸಂತನ ಗಂಟಲನ್ನು ನನಗೆ ವಿವರಿಸುತ್ತಿದ್ದರು.

ಅಷ್ಟರಲ್ಲಿ ಅಲ್ಲಿದ್ದ ಕಪ್ಪು ನಿಲುವಂಗಿಯ ಪಾದ್ರಿ ಹತ್ತಿರ ಬಂದು, ತುಟಿಯ ಮೇಲೆ ಬೆರಳಿಟ್ಟು, ಸುಮ್ಮನಿರಿ ಅಂತ ನಿಮ್ಮಪ್ಪನಿಗೆ ಸನ್ನೆ ಮಾಡಿದರು. ಪಾಪ, ಅವರ ಕೆಲಸ ಅದು. ನನಗೆ ಏನಾಯಿತೋ. ಶೂ ಹಿಡಿದ ಕೈಯನ್ನೇ ಎತ್ತಿ, ಈ ದನಿ ಇರೋದೇ ಇನ್ನು ಮೂರು ವಾರ, ಮಾತಾಡಲಿ ಬಿಡ್ರೀ ಅಂತ ಕೂಗಿಬಿಟ್ಟೆ. ಅಪ್ಪಟ ಕನ್ನಡದಲ್ಲಿ. ಆ ಗುಮ್ಮಟಗಳು ಕನ್ನಡದಲ್ಲಿ ಬೈಸಿಕೊಂಡದ್ದು ಅದೇ ಮೊದಲಿರಬೇಕು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಿಮ್ಮಪ್ಪ ನನ್ನ ಕೈ ಕೆಳಗಿಳಿಸಿ, ಪಾದ್ರಿಗೆ ಇಂಗ್ಲಿಷಿನಲ್ಲಿ ಸಾರಿ ಹೇಳಿ, ತಮ್ಮ ಗಂಟಲು ಮುಟ್ಟಿ, ಎರಡು ಬೆರಳಲ್ಲಿ ಕತ್ತರಿಸುವ ಹಾಗೆ ತೋರಿಸಿದರು. ಪಾದ್ರಿ ಅವರನ್ನು ನೋಡಿದರು, ಗಾಜಿನ ಒಳಗಿದ್ದದ್ದನ್ನು ನೋಡಿದರು. ಆಮೇಲೆ ಎರಡು ಮೆಟ್ಟಿಲು ಕೆಳಗಿಳಿದು, ಹಿಂದಿನವರನ್ನು ಕೈ ಅಡ್ಡ ಮಾಡಿ ತಡೆದು, ಮಾತಾಡಿ ಅನ್ನುವ ಹಾಗೆ ತಲೆಯಾಡಿಸಿದರು.

ಮಾತಾಡಿ ಅಂದ ಮೇಲೆ ನಿಮ್ಮಪ್ಪ ಕನ್ನಡಕ ಕೆಳಗಿಳಿಸಿದರು. ಪಾಠ ನಿಂತುಹೋಯಿತು. ಗಾಜನ್ನೇ ನೋಡುತ್ತ, ಅವತ್ತು ಅಮೂಲ್ಯಾಗೆ ಹೇಳಬೇಕಾಗಿತ್ತು ಅಲ್ವಾ ಅಂತ ಕೇಳಿದರು. ಎರಡು ವರ್ಷದಲ್ಲಿ ಒಂದು ದಿನವೂ ಕೇಳದಿದ್ದವರು. ಹೌದು ಅಂದೆ. ಅಳುತ್ತಾರೆ ಅಂದುಕೊಂಡೆ, ಅತ್ತವಳು ನಾನು. ಆಮೇಲೆ ಅಜ್ಜಿ ಕೊನೆಯ ದಿನ ನಿನ್ನ ಬಗ್ಗೆ ಹೇಳಿದ ಒಂದು ಮಾತನ್ನು ನನಗೆ ಹೇಳಿದರು. ಅಜ್ಜಿಯ ಪಕ್ಕದಲ್ಲಿ ಆಗ ಇದ್ದವರು ಅವರೊಬ್ಬರೇ, ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.

ಆ ಮಾತನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ನಿನ್ನದು, ಅವರ ಬಾಯಿಂದಲೇ ನೀನು ಕೇಳಬೇಕು. ಇದು ಬ್ಲ್ಯಾಕ್‌ಮೇಲ್ ಅಮ್ಮ ಅನ್ನುತ್ತೀಯ. ಹೌದು, ಬ್ಲ್ಯಾಕ್‌ಮೇಲೇ.

ಈ ಶನಿವಾರವೇ ಬಾ. ಕ್ಷಮಿಸಲೇಬೇಕು ಅಂತ ನಾನು ಹೇಳುವುದಿಲ್ಲ, ಅದು ನಿನಗೆ ಬಿಟ್ಟದ್ದು. ಬೈಯಬೇಕಾದರೆ ಬೈ. ಆದರೆ ಏಳನೇ ತಾರೀಖಿನೊಳಗೆ ಬಂದು ಬೈ, ಅವರು ತಿರುಗಿ ಉತ್ತರ ಕೊಡಲು ಆಗುವಾಗ. ಆಮೇಲಾದರೆ ಪಾಪ ಅವರು ಚೀಟಿಯಲ್ಲಿ ಬರೆದು ತೋರಿಸಬೇಕು, ಆ ಡಾಕ್ಟರ ಅಕ್ಷರವನ್ನು ಓದುವವರು ಯಾರು? ಪುಸ್ತಕಗಳನ್ನು ತಂದುಕೋ, ನಿನ್ನ ರೂಮು ಖಾಲಿಯೇ ಇದೆ, ಇಲ್ಲೇ ಕೂತು ಓದಿಕೋ. ಶುಕ್ರವಾರ ವೆಂಬ್ಲಿಗೆ ಹೋಗಿ ಬದನೆಕಾಯಿ ತರುತ್ತೇನೆ, ವಾಂಗಿಬಾತ್ ಮಾಡುತ್ತೇನೆ.

ಮೊದಲ ಸಾಲಿನಲ್ಲಿ ನಾನು ಕ್ಷೇಮ ಅಂತ ಬರೆದೆ. ಅದೂ ಅಷ್ಟು ನಿಜವಲ್ಲ. ನನಗೆ ತುಂಬ ಭಯವಾಗಿದೆ ಪುಟ್ಟಿ. ಬೆಳಿಗ್ಗೆ ಎದ್ದು ರೇಡಿಯೋದವರ ಜೊತೆ ಜಗಳವಾಡುವ ಆ ದನಿಗೆ ಮೂವತ್ತು ವರ್ಷದಿಂದ ಸ್ವಲ್ಪ ಸುಮ್ಮನಿರಿ ಅನ್ನುತ್ತಾ ಬಂದಿದ್ದೇನೆ. ಈಗ ಪಕ್ಕದ ಕೋಣೆಯಿಂದ ಅವರು ಏನಾದರೂ ಕೇಳಿದರೆ, ಕೇಳಿಸಿದರೂ ಕೇಳಿಸಲಿಲ್ಲ ಅನ್ನುತ್ತೇನೆ. ಇನ್ನೊಂದು ಸಲ ಹೇಳಲಿ ಅಂತ.

ಬಾಗಿಲು ತೆರೆಯಲು ಕಾಯುತ್ತಿರುವ,
ನಿನ್ನ ಅಮ್ಮ
ವತ್ಸಲಾ

ಇನ್ನೂ ಒಂದು ಮಾತು: ಲಕೋಟೆಯ ಮೇಲೆ ವಿಳಾಸ ಬರೆಯುವಾಗ ನಿಮ್ಮಪ್ಪ ಅಡುಗೆಮನೆಗೆ ಬಂದರು. ಯಾರಿಗೆ ಬರೀತಿದ್ದೀಯ ಅಂದರು. ಜಯಾಗೆ ಅಂದೆ. ಲಕೋಟೆಯನ್ನು ಒಂದು ಕ್ಷಣ ನೋಡಿ, ಮೈಸೂರಿಗೆ ಗ್ರೀನಿಚ್ಚಿನ ಎಸ್‌ಇ ಹತ್ತು ಅನ್ನೋ ಪೋಸ್ಟ್‌ಕೋಡ್ ಯಾವಾಗ ಕೊಟ್ಟರು ಅಂತ ಕೇಳಿದರು. ಸಿಕ್ಕಿಬಿದ್ದೆ. ಕೂಗಾಡುತ್ತಾರೆ ಅಂತ ಕಾದೆ, ಕೂಗಾಡಲಿಲ್ಲ. ಏನು ಬರೆದೆ ಅಂತಲೂ ಕೇಳಲಿಲ್ಲ. ಒಳಗೆ ಹೋಗಿ ಕೋಟು ಹಾಕಿಕೊಂಡು ಬಂದು, ಬೇಗ ಮುಗಿಸು, ಸಂಜೆಯ ಟಪಾಲು ತೆಗೆಯೋದರೊಳಗೆ ನಾನೇ ಡಬ್ಬಿಗೆ ಹಾಕಿ ಬರ್ತೀನಿ ಅಂತ ನನ್ನ ತಲೆಯ ಮೇಲೆ ನಿಂತಿದ್ದಾರೆ. ನಾನು ಎರಡು ಮೂರು ದಿನ ಹಿಡಿಯುವ ಸೆಕೆಂಡ್ ಕ್ಲಾಸ್ ಸ್ಟ್ಯಾಂಪ್ ಹಚ್ಚಿದ್ದೆ. ಅದರ ಪಕ್ಕದಲ್ಲಿ ತಾವೇ ಇನ್ನೊಂದು ಫಸ್ಟ್ ಕ್ಲಾಸ್ ಹಚ್ಚಿ, ನಾಳೆಯೇ ಸಿಗಲಿ ಅವಳಿಗೆ ಅಂದರು.