ತಪ್ಪು ರಸ್ತೆಗೆ ವರ್ಷಕ್ಕೊಂದು ಕೇಕ್

ಆಗಸ್ಟ್ 17, ಗುರುವಾರ

ಬಟಾಣಿ ಸೂಪ್, ಆಮೇಲೆ ಪ್ಯಾನ್‌ಕೇಕ್. ನಮ್ಮ ಮೆಸ್ಸಿನಲ್ಲಿ ಗುರುವಾರವೆಂದರೆ ಅದೇ. ವಾಯುಪಡೆ ಸೇರಿ ಮೂವತ್ತೇಳು ವರ್ಷ, ಒಂದು ಗುರುವಾರವೂ ತಪ್ಪಿಲ್ಲ. ಇವತ್ತು ಸಾಸಿವೆ ಜಾಸ್ತಿ ಹಾಕಿಕೊಂಡೆ, ಮೂಗಿಗೆ ಹತ್ತಿತು.

ಪ್ಯಾನ್‌ಕೇಕ್ ಅರ್ಧದಲ್ಲಿದ್ದಾಗ ಸ್ಟಾಕ್‌ಹೋಮ್‌ನಿಂದ ಫೋನ್. ಅಕ್ಟೋಬರ್ ಒಂದರಿಂದ ಬ್ರಿಗೇಡಿಯರ್ ಜನರಲ್ ಆಗುತ್ತೀರಾ ಎಂದು. ಮುಖ್ಯ ಕಚೇರಿ, ನಾಲ್ಕನೇ ಮಹಡಿ. ಯೋಚಿಸಿ ಹೇಳುತ್ತೇನೆ ಎನ್ನಬೇಕೆಂದಿದ್ದೆ. ಬಾಯಿ ತುಂಬಿತ್ತು, ಅವರಿಗೆ ‘ಹೂಂ’ ಎಂದು ಕೇಳಿಸಿತಂತೆ. ಅಭಿನಂದನೆ ಹೇಳಿ ಇಟ್ಟೇಬಿಟ್ಟರು. ಆಯಿತು, ಹಾಗೇ ಆಗಲಿ.

ಮನೆಗೆ ಬಂದು ಇಂಗೆಲಾಗೆ ಹೇಳಿದೆ. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷವಾದ ಹೆಂಡತಿ. ಕಣ್ಣಲ್ಲಿ ನೀರು ಬರಬಹುದು ಎಂದುಕೊಂಡಿದ್ದೆ.

“ಜನರಲ್ ಆದ್ರೂ ಡಿಶ್‌ವಾಷರ್ ಖಾಲಿ ಮಾಡೋನು ನೀನೇ” ಅಂದಳು. ಆಮೇಲೆ ಬಂದು ಅಪ್ಪಿಕೊಂಡಳು.

ಖುಷಿಯಾಗಿದೆ, ಸುಳ್ಳೇಕೆ. ಆದರೆ ಜನರಲ್‌ಗಳು ವಿಮಾನ ಹಾರಿಸುವುದಿಲ್ಲ.

ಆಗಸ್ಟ್ 22, ಮಂಗಳವಾರ

ಪ್ರಚಾರ ವಿಭಾಗದಲ್ಲಿ ಯೆಸ್ಪರ್ ಎಂಬ ತರುಣನಿದ್ದಾನೆ. ಅವನಿಗೆ ನನ್ನ ವೃತ್ತಿಜೀವನ ನೂರಿಪ್ಪತ್ತು ಪದಗಳಲ್ಲಿ ಬೇಕಂತೆ. ಕಳಿಸಿದೆ —

1986 ಸೇರ್ಪಡೆ. 1988 ಪೈಲಟ್. 1989 ಲೆಫ್ಟಿನೆಂಟ್, ವಿಗ್ಗನ್ ವಿಮಾನ. ಅದೇ ಸೆಪ್ಟೆಂಬರ್ 21, ತಪ್ಪು ರಸ್ತೆಯಲ್ಲಿ ಇಳಿದದ್ದು. 1996 ಕ್ಯಾಪ್ಟನ್, ಗ್ರಿಪೆನ್ ವಿಮಾನ. 2003 ಮೇಜರ್. 2011 ಲೆಫ್ಟಿನೆಂಟ್ ಕರ್ನಲ್. 2018 ಕರ್ನಲ್, ಈ ವಾಯುನೆಲೆಯ ಮುಖ್ಯಸ್ಥ.

ಹತ್ತೇ ನಿಮಿಷಕ್ಕೆ ಫೋನ್.

“ತಪ್ಪು ರಸ್ತೆ ಅಂದ್ರೆ... ಜೀವನದಲ್ಲಿ ದಾರಿ ತಪ್ಪಿದ್ದು, ಆ ಥರಾನಾ?”

“ಅಲ್ಲಪ್ಪ. ರಸ್ತೆ. ಡಾಂಬರು.”

ಅವನು ಹುಟ್ಟಿದ್ದೇ ಆಮೇಲೆ, ಪಾಪ. ವಿವರಿಸಿದೆ. ನಮ್ಮ ವಿಮಾನಗಳು ಕಾಡಿನ ನಡುವಿನ ಹೆದ್ದಾರಿಗಳ ಮೇಲೂ ಇಳಿಯುತ್ತವೆ. ಯುದ್ಧ ಬಂದರೆ ವಾಯುನೆಲೆಯ ಮೇಲೆ ಮೊದಲು ಬಾಂಬು ಬೀಳುತ್ತದಲ್ಲ, ಅದಕ್ಕೆ. ಅವತ್ತು ಮುಖ್ಯ ರಸ್ತೆಯನ್ನು ಮುಚ್ಚಿ ನನಗಾಗಿ ಕಾಯುತ್ತಿದ್ದರು. ನಾಲ್ಕು ಕಿಲೋಮೀಟರ್ ಆಚೆ ಇನ್ನೊಂದು ಅಂಥದೇ ನೇರ ರಸ್ತೆ; ಅದರ ಸರದಿ ಮರುದಿನ, ಹಾಗಾಗಿ ಮುಚ್ಚಿರಲಿಲ್ಲ. ಇಪ್ಪತ್ಮೂರು ವರ್ಷದ ನಾನು ಬಹಳ ಚೆನ್ನಾಗಿ, ಪುಸ್ತಕದಲ್ಲಿ ಬರೆದ ಹಾಗೆ, ಅದರ ಮೇಲೆ ಇಳಿದೆ. ಎದುರಿಗೆ, ಆ ರಸ್ತೆ ಪಕ್ಕದಲ್ಲೇ ಮನೆಯಿದ್ದ ಮಾಯ್ಕೆನ್ ಎಂಬಾಕೆ ಓಡಿಸುತ್ತಿದ್ದ ಬ್ರೆಡ್ ವ್ಯಾನು.

ವ್ಯಾನು ಚರಂಡಿಗೆ ಇಳಿಯಿತು. ಯಾರಿಗೂ ಏನೂ ಆಗಲಿಲ್ಲ. ಏಲಕ್ಕಿ ಬನ್ನುಗಳು ಮಾತ್ರ ರಸ್ತೆ ತುಂಬ ಉರುಳಿದವು. ಆಕೆ ಇಳಿದು ಬಂದು, ಬಿಸಿ ಆರದ ವಿಮಾನವನ್ನು ಬಾಗಿಲು ತಟ್ಟುವ ಹಾಗೆ ತಟ್ಟಿ ಹೇಳಿದ್ದು ಇಷ್ಟೇ: “ಇಲ್ಲಿ ನಿಲ್ಸೋ ಹಾಗಿಲ್ಲ ಕಣೋ.”

ಯೆಸ್ಪರ್ ನಗಲಿಲ್ಲ. ಜನರಲ್‌ಗಳು ತಪ್ಪು ರಸ್ತೆಯಲ್ಲಿ ಇಳಿಯುವುದಿಲ್ಲ, ಆ ಸಾಲು ತೆಗೆಯೋಣ ಎಂದ. ನಾನು ತೆಗೆಯುವುದಿಲ್ಲ ಎಂದೆ. ಅವತ್ತಿನ ಬಾಸ್ ನನ್ನನ್ನು ಮೂರು ತಿಂಗಳು ಹಾರಲು ಬಿಡದೆ, ರಸ್ತೆ ಬದಿಯಲ್ಲಿ ವಿಮಾನಕ್ಕೆ ಎಣ್ಣೆ ತುಂಬುವ ತಂಡಕ್ಕೆ ಹಾಕಿದರು. ಕೆಸರು, ಚಳಿ, ಕೈ ತುಂಬ ಎಣ್ಣೆ. ಹತ್ತು ನಿಮಿಷದಲ್ಲಿ ಒಂದು ವಿಮಾನ ಮತ್ತೆ ಮೇಲೇರಬೇಕು. ಈ ಕೆಲಸದಲ್ಲಿ ನನಗೆ ಗೊತ್ತಿರುವುದರಲ್ಲಿ ಮುಕ್ಕಾಲು ಪಾಲು ಅಲ್ಲೇ ಕಲಿತದ್ದು. ಉಳಿದ ಕಾಲು ಪಾಲು ಮೀಟಿಂಗುಗಳಲ್ಲಿ ಮರೆತಿದ್ದೇನೆ.

ಆಗಸ್ಟ್ 31, ಗುರುವಾರ

ಸೂಪ್ ಸಾಲಿನಲ್ಲಿ ತೂವಾ ಸಿಕ್ಕಳು. ಮೇಜರ್ ತೂವಾ ಹ್ಯೋಗ್‌ಸ್ಟಾಡ್, ನಮ್ಮ ಸ್ಕ್ವಾಡ್ರನ್ ಮುಖ್ಯಸ್ಥೆ, ಮೂವತ್ತೆಂಟು, ಮುಖದಲ್ಲಿ ಏನೂ ತೋರಿಸುವವಳಲ್ಲ. ರಸ್ತೆಯಲ್ಲಿ ಇಳಿಯುವ ಅಭ್ಯಾಸ ಮತ್ತೆ ಇದೆಯಂತೆ. ಅದೇ ಕಾಡು, ಅದೇ ಮುಖ್ಯ ರಸ್ತೆ. ದಿನ, ಸೆಪ್ಟೆಂಬರ್ 21. ಕಾಕತಾಳೀಯ ಎನ್ನುತ್ತಾಳೆ. ನಂಬಲಿಲ್ಲ.

ಒಂದು ವಿಮಾನ ನನಗೆ ಕೊಡು ಎಂದೆ. ಕೇಳಿದ್ದಲ್ಲ, ಬೇಡಿದ್ದು. ಕರ್ನಲ್ ಬೇಡಬಾರದು, ಗೊತ್ತು.

ಹಳೆಯ ಬಾಸ್ ಹಾಕಿದ ಶಿಕ್ಷೆಯಲ್ಲಿ ಇನ್ನೊಂದು ಭಾಗವಿತ್ತು. ನಮ್ಮ ಸ್ಕ್ವಾಡ್ರನ್‌ನಲ್ಲಿ ತಪ್ಪು ಮಾಡಿದವರು ಎಲ್ಲರಿಗೂ ಹಸಿರು ಪ್ರಿನ್ಸೆಸ್ ಕೇಕ್ ತರಬೇಕು. ನನಗೆ ಮಾತ್ರ ವಿಶೇಷ ಆಜ್ಞೆ: ಸರಿಯಾದ ರಸ್ತೆಯಲ್ಲಿ ಇಳಿಯುವ ತನಕ ಪ್ರತಿ ವರ್ಷ ಅದೇ ದಿನ ಮಾಯ್ಕೆನ್‌ಗೆ ಒಂದು ಕೇಕ್. ಮುಂದಿನ ವಾರವೇ ಇಳಿದು ಮುಗಿಸುತ್ತೇನೆ ಎಂದುಕೊಂಡಿದ್ದೆ. ಮುಂದಿನ ವಾರ ಎಣ್ಣೆ ತುಂಬುತ್ತಿದ್ದೆ. ಆಮೇಲೆ ಮಂಜು, ಆಮೇಲೆ ವರ್ಗಾವಣೆ, ಆಮೇಲೆ ದೇಶವೇ ರಸ್ತೆ ರನ್‌ವೇಗಳನ್ನು ಮರೆತುಬಿಟ್ಟಿತು. ಮೂವತ್ಮೂರು ಕೇಕ್ ಆಗಿವೆ. ಅಂಗಡಿಯವರು ಮೂರು ತಲೆಮಾರು ಬದಲಾದರು.

ಈ ಸಲ ಇಳಿಯದಿದ್ದರೆ ಇನ್ನೆಂದೂ ಇಲ್ಲ. ಆ ತಪ್ಪನ್ನು ಸರಿಮಾಡಿಯೇ ಜನರಲ್ ಆಗಬೇಕು. ಬಾಲಿಶ ಆಸೆ. ಆದರೂ ಬೇಕು.

ಸೆಪ್ಟೆಂಬರ್ 3, ಭಾನುವಾರ

ಮಾಯ್ಕೆನ್ ಮನೆಗೆ ಹೋಗಿದ್ದೆ, ಸುದ್ದಿ ಹೇಳಲು. ಎಂಬತ್ತಾರು ವರ್ಷ. ಅದೇ ರಸ್ತೆಯ ಪಕ್ಕದ ಕೆಂಪು ಮನೆ. ಆ ರಸ್ತೆಗೆ ನಮ್ಮ ನಕ್ಷೆಯಲ್ಲೂ ಈಗ ‘ಬ್ರೆಡ್ ರಸ್ತೆ’ ಎಂದೇ ಹೆಸರು. ಕಾಫಿಗೆ ಏಳು ಬಗೆ ಬಿಸ್ಕತ್ತು ಇಟ್ಟಿದ್ದಳು. ಏಳನ್ನೂ ತಿನ್ನದೆ ಎದ್ದೇಳಲು ಬಿಡುವುದಿಲ್ಲ.

ಜನರಲ್ ಎಂದಾಗ ತಲೆಯಾಡಿಸಿದಳು. ಇನ್ನಾದರೂ ಕಾರನ್ನು ನೆಟ್ಟಗೆ ನಿಲ್ಲಿಸುವುದು ಕಲಿ, ನನ್ನ ಲಿಂಗನ್‌ಬೆರ್ರಿ ಗಿಡದ ಮೇಲೆ ನಿಲ್ಲಿಸಿದ್ದೀಯ ಎಂದಳು. ನಿಜ, ನಿಲ್ಲಿಸಿದ್ದೆ.

ಇಪ್ಪತ್ತೊಂದರ ವಿಷಯ ಹೇಳಿದೆ. ಕೊನೆಗೂ ಸರಿಯಾದ ರಸ್ತೆ, ಶಿಕ್ಷೆ ಮುಗಿಯಿತು ಎಂದೆ. ಕುಣಿಯುತ್ತಾಳೆ ಎಂದುಕೊಂಡಿದ್ದೆ. ಕಪ್ಪು ತೊಳೆಯಲು ಎದ್ದಳು. ಬೆನ್ನು ಹಾಕಿಕೊಂಡೇ ಕೇಳಿದಳು:

“ಹಾಗಾದ್ರೆ ಮುಂದಿನ ವರ್ಷ ನೀನ್ಯಾಕೆ ಬರ್ತೀಯ ಇಲ್ಲಿಗೆ?”

ಬರುತ್ತೇನೆ, ಬರದೆ ಏನು ಎಂದೆ. ಸ್ಟಾಕ್‌ಹೋಮ್‌ಗೆ ಹೋದವರೆಲ್ಲ ಹಾಗೇ ಹೇಳುತ್ತಾರೆ ಎಂದಳು. ಆಮೇಲೆ ಎಂದಿನಂತೆ ನಗಿಸಿದಳು, ಎಂಟನೇ ಬಗೆಯ ಬಿಸ್ಕತ್ತು ತಂದಳು.

ಕಾರಿನಲ್ಲಿ ನಗು ಬರಲಿಲ್ಲ. ನನಗೆ ಅಮ್ಮ ತೀರಿಹೋದದ್ದು ತೊಂಬತ್ತೈದರಲ್ಲಿ. ಅಲ್ಲಿಂದೀಚೆಗೆ ಪ್ರತಿ ಬಡ್ತಿಯ ಸುದ್ದಿಯನ್ನೂ ಇಂಗೆಲಾ ಬಿಟ್ಟರೆ ಮೊದಲು ಹೇಳಿದ್ದು ಈಕೆಗೆ. ಕೇಕ್ ನೆಪವಾಗಿತ್ತು ಎಂದು ತಿಳಿಯಲು ಮೂವತ್ತನಾಲ್ಕು ವರ್ಷ ಬೇಕಾಯಿತು. ಕರ್ನಲ್ ಬುದ್ಧಿ.

ಸೆಪ್ಟೆಂಬರ್ 7, ಗುರುವಾರ

ಸೂಪ್. ತೂವಾ ಎದುರಿಗೆ ಕೂತಳು. ಯಾಕೆ ಸಪ್ಪಗಿದ್ದೀರಿ ಎಂದು ಕೇಳಿದಳು. ಹೇಳಬಾರದೆಂದಿದ್ದೆ, ಎಲ್ಲ ಹೇಳಿಬಿಟ್ಟೆ. ರಸ್ತೆ, ಕೇಕ್, ಮಾಯ್ಕೆನ್ ಕಪ್ಪು ತೊಳೆದದ್ದು.

ಅವಳು ಪ್ಯಾನ್‌ಕೇಕ್‌ಗೆ ಜಾಮ್ ಹಚ್ಚುತ್ತ ಕೇಳಿಸಿಕೊಂಡಳು.

“ಅಂದ್ರೆ ಬಾಸ್, ನಿಮಗೆ ಸರಿಯಾಗಿ ಇಳೀಬೇಕು. ಇಳೀಲೂಬಾರ್ದು.”

“ಹೂಂ.”

“ಸುಲಭ ಇದೆ” ಅಂದು ತಟ್ಟೆ ಎತ್ತಿಕೊಂಡು ಹೋದಳು. ಮೇಜರ್‌ಗಳಿಗೆ ಎಲ್ಲವೂ ಸುಲಭ. ನಾನೂ ಆಗಿದ್ದೆ.

ಸೆಪ್ಟೆಂಬರ್ 14

ವೈದ್ಯಕೀಯ ಪರೀಕ್ಷೆ. ಕಣ್ಣು ಸರಿ. ಬೆನ್ನು ಪರವಾಗಿಲ್ಲ. ತೂಕದ ಬಗ್ಗೆ ಡಾಕ್ಟರು ಏನೂ ಹೇಳಲಿಲ್ಲ, ಹುಬ್ಬು ಮಾತ್ರ ಏರಿಸಿದರು. ಬಿಸ್ಕತ್ತು ಎಂದೆ.

ನೆಲೆಯ ರನ್‌ವೇ ಮೇಲೆ ರಸ್ತೆಯಷ್ಟೇ ಅಗಲಕ್ಕೆ ಬಣ್ಣ ಬಳಿದು ಅಭ್ಯಾಸ. ಹದಿನೇಳು ಮೀಟರ್. ಆರು ಸಲ ಇಳಿದೆ. ಐದು ಚೆನ್ನಾಗಿ.

ಸೆಪ್ಟೆಂಬರ್ 20, ಬುಧವಾರ

ನಾಳೆ. ಆಕಾಶ ತಿಳಿಯಾಗಿದೆ. ಕೇಕ್ ಹೇಳಿ ಇಟ್ಟಿದ್ದೇನೆ. ಅಂಗಡಿಯ ಹುಡುಗಿ ಮೇಲೆ ಏನು ಬರೆಯಲಿ ಎಂದಳು. ‘ಕೊನೆಯದು’ ಎನ್ನಬೇಕೆಂದುಕೊಂಡೆ. ಬಾಯಿಗೆ ಬರಲಿಲ್ಲ. ಏನೂ ಬೇಡ ಎಂದೆ. ಇಂಗೆಲಾ ಕಾರಿನಲ್ಲಿ ಅದನ್ನು ತೆಗೆದುಕೊಂಡು ಮಾಯ್ಕೆನ್ ಮನೆಗೆ ಹೋಗುತ್ತಾಳೆ. ನಾನು ಇಳಿದು, ಎಣ್ಣೆ ತುಂಬಿಸಿ, ಮೇಲೇರುವಾಗ ಅವಳ ಮನೆಯ ಮೇಲೆ ಒಂದು ಸುತ್ತು ಹೊಡೆಯುವುದು ಎಂದು ಯೋಜನೆ.

ಮಧ್ಯಾಹ್ನ ತೂವಾ ಎರಡು ಗಂಟೆ ಕಾಣಲಿಲ್ಲ. ಎಲ್ಲಿ ಹೋಗಿದ್ದೆ ಎಂದರೆ ರಸ್ತೆ ನೋಡಿ ಬಂದೆ ಎಂದಳು. ಶ್ರದ್ಧೆಯ ಹುಡುಗಿ. ಮೇಲಕ್ಕೆ ಬರುತ್ತಾಳೆ.

ಇನ್ನೊಂದೇ ಸಲ. ಆಮೇಲೆ ಹೆಲ್ಮೆಟ್ ವಾಪಸು ಕೊಡಬೇಕು. ಬೇಸರ ಆಗುತ್ತದೆ ಎಂದು ಗೊತ್ತಿತ್ತು. ಇಷ್ಟು ಎಂದು ಗೊತ್ತಿರಲಿಲ್ಲ.

ಸೆಪ್ಟೆಂಬರ್ 21, ಗುರುವಾರ, ಸಂಜೆ 5

ಕೂದಲು ಇನ್ನೂ ಒದ್ದೆ. ಕೊನೆಯ ಹಾರಾಟ ಮುಗಿಸಿದವನ ಮೇಲೆ ಸ್ಕ್ವಾಡ್ರನ್ ಪೂರ್ತಿ ಬಕೆಟ್‌ನಲ್ಲಿ ನೀರು ಸುರಿಯುತ್ತದೆ. ತಣ್ಣೀರು. ಯಾರೋ ಅದರಲ್ಲಿ ಐಸ್ ಹಾಕಿದ್ದರು.

ಮೊದಲಿನಿಂದ ಬರೆಯುತ್ತೇನೆ.

ಹತ್ತೂ ಇಪ್ಪತ್ತಕ್ಕೆ ಮುಖ್ಯ ರಸ್ತೆ ಕಂಡಿತು. ಕಾಡಿನ ಮಧ್ಯೆ ಬೂದು ಗೆರೆ. ಎರಡು ಸಲ ನಕ್ಷೆ ನೋಡಿದೆ, ಮೂರು ಸಲ ಕೆರೆ ನೋಡಿದೆ. ಇದೇ ರಸ್ತೆ, ಸಂಶಯವಿಲ್ಲ. ಚಕ್ರ ಇಳಿಸಿದೆ. ಆಗ ರೇಡಿಯೊದಲ್ಲಿ ತೂವಾ. ಕೆಳಗೆ ರಸ್ತೆಗಳ ಉಸ್ತುವಾರಿ ಅವಳದೇ.

“ಬಾಸ್, ಮುಖ್ಯ ರಸ್ತೆ ಮೇಲೆ ಮೂಸ್ ಬಂದಿದೆ. ತಾಯಿ, ಎರಡು ಮರಿ. ಬ್ರೆಡ್ ರಸ್ತೆಗೆ ಇಳೀರಿ.”

ಕುದುರೆಗಿಂತ ಎತ್ತರದ ಜಿಂಕೆ ಅದು, ಗುದ್ದಿದರೆ ವಿಮಾನ ಚಿಂದಿ. ಆದರೂ ಕೇಳಿದೆ: ಎಣ್ಣೆ ಇದೆ, ಅವು ಹೋಗುವ ತನಕ ಕಾಯುತ್ತೇನೆ.

“ಹಿಂದೆ ಮೂರು ವಿಮಾನ ಬರ್ತಿವೆ. ಬ್ರೆಡ್ ರಸ್ತೆ ಖಾಲಿ ಇದೆ, ಪೊಲೀಸರು ಎರಡೂ ಕಡೆ ಮುಚ್ಚಿದ್ದಾರೆ. ಇಳೀರಿ ಬಾಸ್.”

ರಸ್ತೆಯ ಮೇಲೆ ಉಸ್ತುವಾರಿಯ ಮಾತೇ ಮಾತು. ಕರ್ನಲ್ ಆದರೇನು, ರಾಜನಾದರೇನು. ಚಕ್ರ ಮೇಲೆತ್ತಿದೆ. ಮೂವತ್ತನಾಲ್ಕು ವರ್ಷ ಕಾದ ರಸ್ತೆ ರೆಕ್ಕೆಯ ಕೆಳಗೆ ಸರಿದುಹೋಯಿತು. ಕೆಟ್ಟ ಮಾತೊಂದು ಆಡಿದೆ. ರೇಡಿಯೊ ಆನ್ ಇತ್ತು, ಎಲ್ಲರಿಗೂ ಕೇಳಿಸಿದೆಯಂತೆ.

ಬ್ರೆಡ್ ರಸ್ತೆಯಲ್ಲಿ ಇಳಿದೆ. ಬಹಳ ಚೆನ್ನಾಗಿ, ಪುಸ್ತಕದಲ್ಲಿ ಬರೆದ ಹಾಗೆ. ನಿಂತ ಜಾಗ ಹಿಂದಿನದಕ್ಕಿಂತ ಮೂವತ್ತು ಮೀಟರ್ ಆಚೆ ಇರಬಹುದು. ರಸ್ತೆ ಬದಿಯ ಹಗ್ಗದ ಹಿಂದೆ ಮಡಚುವ ಕುರ್ಚಿ, ಕಂಬಳಿ, ಹಳದಿ ಜಾಕೆಟ್, ಕಿವಿಗೆ ದೊಡ್ಡ ಮುಚ್ಚಳ. ಮಾಯ್ಕೆನ್. ಪಕ್ಕದಲ್ಲಿ ಇಂಗೆಲಾ, ಕೈಯಲ್ಲಿ ಕೇಕ್ ಡಬ್ಬಿ.

ಎಂಜಿನ್ ನಿಂತಿತು. ತಂಡದವರು ಕೈ ಹಿಡಿದು ಅವಳನ್ನು ಕರೆತಂದರು. ನಿಧಾನವಾಗಿ ಬಂದಳು. ವಿಮಾನವನ್ನು ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದಳು. ನಾನು ಮೇಲಿನ ಗಾಜು ತೆರೆದೆ.

“ಇಲ್ಲಿ ನಿಲ್ಸೋ ಹಾಗಿಲ್ಲ ಕಣೋ.”

ನಾನು ಅತ್ತುಬಿಟ್ಟೆ. ಹೆಲ್ಮೆಟ್ ಹಾಕಿಕೊಂಡೇ, ಆಮ್ಲಜನಕದ ಮುಖವಾಡದೊಳಗೆ. ಯಾರಿಗೂ ಕಾಣಲಿಲ್ಲ, ಇಂಗೆಲಾಗೆ ಬಿಟ್ಟು. ಅವಳಿಗೆ ಎಲ್ಲವೂ ಕಾಣುತ್ತದೆ.

ಇಳಿದೆ. ಎಣ್ಣೆಯ ಪೈಪನ್ನು ನಾನೇ ಸಿಕ್ಕಿಸಿದೆ. ಕೈಗೆ ಇನ್ನೂ ನೆನಪಿದೆ. ಎಲ್ಲ ಸೇರಿ ಹನ್ನೊಂದು ನಿಮಿಷ. ಒಂದು ನಿಮಿಷ ಕೇಕ್ ತಿನ್ನಲು ಹೋಯಿತು. ಮಾಯ್ಕೆನ್ ಮೊದಲ ತುಂಡು ಬಾಯಿಗಿಟ್ಟುಕೊಂಡು ಸುತ್ತ ನೋಡಿ ತೀರ್ಪು ಕೊಟ್ಟಳು: ಇದು ತಪ್ಪು ರಸ್ತೆಯೇ, ಯಾರ ಆಜ್ಞೆಯಾದರೇನು. ಮುಂದಿನ ವರ್ಷವೂ ಬರಲೇಬೇಕು.

ಬರಲೇಬೇಕು. ಅಷ್ಟು ಸಂತೋಷ ಯಾವ ಬಡ್ತಿಗೂ ಆಗಿರಲಿಲ್ಲ.

ಸೂಪ್ ತಪ್ಪಿಹೋಯಿತು. ಮೂವತ್ತೇಳು ವರ್ಷದಲ್ಲಿ ಮೊದಲ ಗುರುವಾರ.

ಅಕ್ಟೋಬರ್ 2, ಸೋಮವಾರ, ಸ್ಟಾಕ್‌ಹೋಮ್

ನಾಲ್ಕನೇ ಮಹಡಿ. ಕುರ್ಚಿ ಚೆನ್ನಾಗಿದೆ. ಕಿಟಕಿಯಿಂದ ಆಕಾಶ ಸ್ವಲ್ಪ ಕಾಣುತ್ತದೆ, ಕತ್ತು ವಾಲಿಸಿದರೆ. ಹೆಗಲ ಮೇಲಿನ ಹೊಸ ಪಟ್ಟಿಯನ್ನು ಕನ್ನಡಿಯಲ್ಲಿ ಎರಡು ಸಲ ನೋಡಿದೆ. ಸರಿ, ನಾಲ್ಕು ಸಲ.

ಯೆಸ್ಪರ್‌ನ ಕಿರುಪುಸ್ತಕ ಮೇಜಿನ ಮೇಲಿತ್ತು. ಆ ಸಾಲನ್ನು ತೆಗೆದಿಲ್ಲ. ತಿದ್ದಿದ್ದಾನೆ: ‘1989 — ರಸ್ತೆ ರನ್‌ವೇಗಳಲ್ಲಿ ವಿಶೇಷ ಅನುಭವ.’ ಈ ಹುಡುಗ ಇಲ್ಲಿ ಬಹಳ ದೂರ ಹೋಗುತ್ತಾನೆ.

ಹನ್ನೊಂದಕ್ಕೆ ಮಾಯ್ಕೆನ್ ಫೋನ್, ಹೊಸ ಕುರ್ಚಿಗೆ ಶುಭಾಶಯ ಹೇಳಲು. ಮಾತಿಗೆ ಮಾತು ಬಂದು, ಆ ಮೂಸ್ ತಾಯಿಗೂ ಒಂದು ಕೇಕ್ ಕೊಡಬೇಕಿತ್ತು ಎಂದೆ.

“ಯಾವ ಮೂಸು? ತೂವಾ ಹುಡುಗಿ ಹಿಂದಿನ ದಿನಾನೇ ಬಂದು ಕುರ್ಚಿ ಎಲ್ಲಿ ಹಾಕ್ಬೇಕು ಅಂತ ತೋರ್ಸಿ ಹೋದ್ಲಲ್ಲೋ.”

ಫೋನ್ ಇಟ್ಟೆ. ಹತ್ತು ನಿಮಿಷ ಒಬ್ಬನೇ ನಕ್ಕೆ. ಪಕ್ಕದ ಕೋಣೆಯವರು ಬಾಗಿಲಲ್ಲಿ ಇಣುಕಿ ನೋಡಿ ಹೋದರು.

ಆಮೇಲೆ ತೂವಾಗೆ ಫೋನ್. ನನ್ನ ಮೊದಲ ಜನರಲ್ ಧ್ವನಿ ತೆಗೆದೆ. ಮೇಜರ್, ಇಪ್ಪತ್ತೊಂದನೇ ತಾರೀಕು ಮುಖ್ಯ ರಸ್ತೆಯ ಮೇಲೆ ಎಷ್ಟು ಮೂಸ್ ಇದ್ದವು ಎಂದು ಕೇಳಿದೆ. ಸುಳ್ಳು ವರದಿಗೆ ನಮ್ಮಲ್ಲಿ ಶಿಕ್ಷೆ ಏನು ಗೊತ್ತಲ್ಲ ಎಂದೂ ಕೇಳಿದೆ.

ಆ ಕಡೆ ತಟ್ಟೆಯ ಸದ್ದು. ಜಾಮ್ ಹಚ್ಚುತ್ತಿದ್ದಾಳೇನೋ. ಆಮೇಲೆ ಹೇಳಿದಳು, “ಗೊತ್ತು ಬಾಸ್. ಮುಂದಿನ ಸೆಪ್ಟೆಂಬರ್‌ಗೆ ಇಬ್ರೂ ಒಂದೇ ಕಾರಲ್ಲಿ ಹೋಗೋಣ, ಮಾಯ್ಕೆನ್‌ಗೆ ನಂದೊಂದು, ನಿಮ್ದೊಂದು. ಕಾರು ಮಾತ್ರ ನಾನೇ ಓಡಿಸ್ತೀನಿ, ನಿಮಗೆ ಬಿಟ್ರೆ ರಸ್ತೆ ತಪ್ಪುತ್ತೆ.”