ಮುಖ ಮರೆಸಿದ ವಿಡಿಯೋ

ಮಂಡೆಕೋಲು, 10-3-2026

ಸಂಗೀತ ಕ್ಲಾಸಿನ ಸುಪ್ರಿತಾ ಟೀಚರಿಗೆ,

ಬಾಯಲ್ಲಿ ಹೇಳಿದ್ದು ಸಾಲದು, ಬರೆದು ಕೊಡಿ ಎಂದಿರಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಇದೆಂತ ಶಿಕ್ಷೆ ಮಾರಾಯ್ರೆ.

ನೀವು ಎಲ್ಲರ ಮೊಬೈಲಿಗೆ ಬಿಟ್ಟ ವಿಡಿಯೋದಲ್ಲಿ ನನ್ನ ಮೊಮ್ಮಗಳ ಮುಖ ಮಸುಕು ಮಾಡಿದಿರಿ, ಸ್ವರ ಹಾಗೆಯೇ ಇಟ್ಟಿರಿ, ಕೆಳಗೆ ಊರಿನ ಹೆಸರನ್ನೂ ಹಾಕಿದಿರಿ. ನನ್ನ ಮಗನಿಗೆ ಗುರುತು ಹಿಡಿಯಲು ಅಷ್ಟು ಸಾಕು. ಅವನ ಪೆಟ್ಟಿನಿಂದ ತಪ್ಪಿಸಲು ಸೊಸೆಯನ್ನೂ ಮಗುವನ್ನೂ ಕಡಬದಿಂದ ತಂದು ಇಲ್ಲಿ ಅಡಗಿಸಿದವಳು ನಾನೇ. ನಿನ್ನೆ ಫೋನಿನಲ್ಲಿ, "ಮಗಳು ಲಾಯ್ಕ ಹಾಡ್ತಾಳೆ ಅಮ್ಮ. ಮಂಡೆಕೋಲಿನಲ್ಲಿ ಕ್ಲಾಸು ಎಷ್ಟು ಗಂಟೆಗೆ ಬಿಡುದು?" ಎಂದ.

ವಿಡಿಯೋ ಇವತ್ತೇ ತೆಗೆಯಿರಿ. ಕ್ಲಾಸಿನ ದಿನ ಬದಲಿಸಿ. ಅವಳನ್ನು ಬಿಡಿಸುವ ಮಾತೆತ್ತಬೇಡಿ. ಮನೆಯಲ್ಲಿ ಪಿಸುಗುಟ್ಟುವ ಮಗು ಸ್ವರ ಎತ್ತುವುದು ನಿಮ್ಮಲ್ಲಿ ಮಾತ್ರ. ಅವನು ಬಂದರೆ ಬಾಗಿಲು ತೆಗೆಯಬೇಡಿ. ನನ್ನ ಮಗನೆಂಬ ದಾಕ್ಷಿಣ್ಯ ಬೇಡ.

ಶುಕ್ರವಾರ, ಹದಿಮೂರನೇ ತಾರೀಕಿನೊಳಗೆ ಉತ್ತರ ಬೇಕು.

ಅಕ್ಕು