ಚಾರ್ಜಿಗೆ ನನ್ನ ಸರದಿ

ಜುಲೈ 7, ಸೋಮವಾರ. ಬೆಳಿಗ್ಗೆ

ಮಹಾಸಭೆಗೆ ವಂದನೆ. ಅಧ್ಯಕ್ಷಪೀಠವನ್ನು ಅಲಂಕರಿಸಿರುವ ಸೋಲಾರ್ ಪ್ಲೇಟಿನವರೇ, ಅವರ ತಲೆಯ ಮೇಲೆ ಕುಳಿತ ಕೋತಿಗಳೇ, ಕಂದಕದ ಆಚೆ ಕಿವಿ ಬೀಸುತ್ತ ಆಲಿಸುವ ಆನೆಗಳೇ... ಮದ್ದೂರು ಕಾಡಿನ ಈ ಕಳ್ಳಬೇಟೆ ತಡೆ ಕ್ಯಾಂಪಿನ ಚಾರ್ಜಿಂಗ್ ಮಂತ್ರಿಯ ವರದಿ ಹೀಗಿದೆ. ಕರೆಂಟು ಕಂಬ ಇಲ್ಲ, ಬರುವುದೂ ಇಲ್ಲ. ಮೋಡ ಬಿಟ್ಟಿಲ್ಲ. ಬ್ಯಾಟರಿ ಅರೆಹೊಟ್ಟೆ. ನಿಯಮ ಹಳೆಯದೇ —

ಮೊದಲು ವೈರ್‌ಲೆಸ್ಸು, ಆಮೇಲೆ ಟಾರ್ಚು,
ಉಳಿದರೆ ಫೋನಿಗೆ ಒಂದಿಷ್ಟು ಚಾರ್ಜು.

ಕಾಡು ಕಾಯಲು ಇರುವ ವಾಚರ್‌ಗಳು ಮೂವರು. ಪುಟ್ಟಮಾದು, ಮಾದೇಶ, ನಾನು. ಬಿ.ಎ. ಮಾಡಿದ ತಪ್ಪಿಗೆ ನನ್ನ ಹೆಸರು ಮೇಷ್ಟ್ರು. ನನ್ನ ಫೋನ್ ನಿನ್ನೆಯೇ ಆಫ್.

ಇವತ್ತು ಹೆಂಡತಿ ಸುಧಾಮಣಿಯ ರಿಪೋರ್ಟ್ ಬರುವ ದಿನ. ಎದೆಯ ಗಂಟಿನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ರಜಾ ಹಾಕುತ್ತೇನೆ ಅಂದಿದ್ದೆ. "ಇಲ್ಲಿದ್ದು ಏನ್ ಮಾಡೀರಿ? ಉಗುರು ಕಚ್ಚೀರಿ. ಓಗಿ, ನಾನೇ ಫೋನ್ ಮಾಡ್ತೀನಿ" ಅಂದಳು. ಗೇಟಿನವರೆಗೆ ಬಂದು ಇನ್ನೊಂದು ಮಾತು. "ವೈರ್‌ಲೆಸ್ನಲ್ಲಿ ಮಾತ್ರ ಕೇಳಿಸ್ಬ್ಯಾಡಿ. ನನ್ ಗಂಟಿನ ಸುದ್ದಿ ಎಲ್ಲಾ ಕ್ಯಾಂಪ್ನೋರ್ಗೂ ಯಾಕೆ?"

ಆದ್ದರಿಂದ ಫೋನೇ ಆಗಬೇಕು. ಸಿಗ್ನಲ್ ಸಿಗುವುದು ಎದುರಿನ ಬಂಡೆಯ ಮೇಲೆ ಮಾತ್ರ. ಬಂಡೆ ಹತ್ತಲು ಕಾಲು ಸಾಲದು, ಚಾರ್ಜೂ ಬೇಕು.

ಜುಲೈ 8. ಸಂಜೆ

ಮಧ್ಯಾಹ್ನ ಬಿಸಿಲು ಬಂತು. ಚಾರ್ಜು ಬರಲಿಲ್ಲ. ಪುಟ್ಟಮಾದು ಏಣಿ ಹತ್ತಿ ನೋಡಿದ.

"ಯಾರ್ಲಾ ಪ್ಲೇಟಿಗೆ ಬನೀನು ಉಡ್ಸಿರದು?"

"ನಾನೇ ಕಣಣ್ಣ" ಅಂದ ಮಾದೇಶ. "ಈ ಕಾಡಲ್ಲಿ ಬೆಚ್ಚಗಿರದು ಅದೊಂದೇಯ. ಬ್ಯಾಗ್ನೆ ಒಣಗ್ಲಿ ಅಂತ..."

"ಒಣಗ್ತು ಬುಡು. ಜೊತ್ಗೆ ಬ್ಯಾಟ್ರಿನೂ ಒಣಗೋಯ್ತು."

ಬನಿಯನ್ ಒಣಗಿರಲೂ ಇಲ್ಲ.

ಬಿಸಿಲಿದ್ದರೆ ಬ್ಯಾಟರಿ,
ಬನಿಯನ್ನಿದ್ದರೆ ಪರದಾಟ ರೀ.

ವೈರ್‌ಲೆಸ್, ಟಾರ್ಚು ಆದ ಮೇಲೆ ಚೂರು ಉಳಿಯಿತು. ಸರದಿ ನನ್ನದು. ಮಾದೇಶನಿಗೆ ಬಿಟ್ಟುಕೊಟ್ಟೆ — ಮಗಳ ಜೊತೆ ಮಾತಾಡ್ಕೊ ಹೋಗು ಅಂತ. "ಮೇಷ್ಟ್ರು ಧರ್ಮರಾಯ ಕಣ್ಲಾ" ಅಂದ ಪುಟ್ಟಮಾದು. ಅದಕ್ಕೆ ತಕ್ಕ ಮುಖ ಮಾಡಿಕೊಂಡು ಕುಳಿತೆ.

ಆಮೇಲೆ ಅವನೇ ಪಕ್ಕಕ್ಕೆ ಬಂದ. "ಅಕ್ಕೋರ್ಗೆ ಉಸಾರಿಲ್ಲ ಅಂದ್ರಲ್ಲ. ಮಾದೇಸನ್ ಫೋನಲ್ಲೇ ಮಾತಾಡ್ಬುಡಿ."

"ನಂಬರ್ ನೆನಪಿಲ್ಲ ಕಣಯ್ಯ. ನನ್ನ ಫೋನಲ್ಲೇ ಇರೋದು."

ಜುಲೈ 11

ಮತ್ತೆ ಮೋಡ. ಉಳಿದ ಚಾರ್ಜು ಪುಟ್ಟಮಾದುವಿಗೆ ಕೊಟ್ಟೆ. ಬೇಡ ಅಂದ, ಬಲವಂತ ಮಾಡಿದೆ.

ಗಂಟು ಎಂಬುದಕ್ಕೆ ಪ್ರಾಸ ಹುಡುಕಿದೆ. ನಂಟು ಸಿಕ್ಕಿತು. ಉಂಟು ಸಿಕ್ಕಿತು. ಎರಡನ್ನೂ ಹೊಡೆದುಹಾಕಿದೆ.

ಜುಲೈ 12, ಶನಿವಾರ. ಮಧ್ಯಾಹ್ನ

ಬೆಳಗಿನಿಂದ ಒಳ್ಳೆ ಬಿಸಿಲು. ಬೀಟ್ ಮುಗಿಸಿ ಬಂದರೆ ಬೋರ್ಡಿನಲ್ಲಿ ನನ್ನ ಫೋನು. ಫುಲ್.

"ನಂದ್ ಕಿತ್ತು ನಿಮ್ದು ಸಿಗ್ಸಿದೆ" ಅಂದ ಪುಟ್ಟಮಾದು. "ಮಾದೇಸ್ನೂ ಬ್ಯಾಡ ಅಂದ. ಎಷ್ಟ್ ದಿನ ಅಂತ ನಮ್ಗೇ ಬುಟ್ಕೊಟ್ಟೀರಿ? ಬನ್ನಿ, ಬಂಡೆಗೋಗನ."

"ಮಳೆ ಬರೋ ಹಾಗಿದೆಯಲ್ಲ" ಅಂದೆ.

ಹತ್ತಿ ಎಳೆಯಷ್ಟೂ ಮೋಡವಿರಲಿಲ್ಲ. ಅವನು ಆಕಾಶ ನೋಡಿದ. ನನ್ನನ್ನು ನೋಡಿದ. ಕೋಲು ತೆಗೆದುಕೊಂಡು ಹೊರಗೆ ನಿಂತ.

ಅದೇ ದಿನ, ಬಂಡೆಯ ಮೇಲೆ

ಪುಟ್ಟಮಾದು ಬೆನ್ನು ತಿರುಗಿಸಿ ಕುಳಿತಿದ್ದಾನೆ. ಆನೆ ನೋಡುವ ನೆಪ.

ಸಿಗ್ನಲ್ ಬಂದ ಕೂಡಲೇ ಮೆಸೇಜುಗಳು ಟಣಟಣ ಸುರಿದವು. ಮಿಸ್ಡ್ ಕಾಲ್. ಸುಧಾ. ಸುಧಾ. ಸುಧಾ. ಸೋಮವಾರದ್ದು, ಮಂಗಳವಾರದ್ದು... ಗುರುವಾರದಿಂದ ಒಂದೂ ಇಲ್ಲ. ಫೋನ್ ಕೈಯಲ್ಲಿದೆ, ಒತ್ತಿಲ್ಲ. ಡೈರಿ ತೆಗೆದಿದ್ದೇನೆ.

ಮಹಾಸಭೆಯವರೇ... ಯಾವ ಸಭೆ? ಯಾರೂ ಇಲ್ಲ. ಅವಳ ನಂಬರ್ ನನಗೆ ಬಾಯಿಪಾಠ. ಫೋನ್ ಕೊಡಿಸಿದ ದಿನವೇ ಆ ಅಂಕಿಗಳಿಗೆ ಪ್ರಾಸ ಕಟ್ಟಿ ಹಾಡಿದ್ದೆ, ಸೆರಗು ಬಾಯಿಗಿಟ್ಟು ನಕ್ಕಿದ್ದಳು. ನಾನು ಧರ್ಮರಾಯನೂ ಅಲ್ಲ, ಮಂತ್ರಿಯೂ ಅಲ್ಲ. ಚಾರ್ಜು ಇಲ್ಲದಷ್ಟು ದಿನ ಅವಳಿಗೆ ಏನೂ ಆಗಿರುವುದಿಲ್ಲ, ಅಷ್ಟೇ ನನ್ನ ಲೆಕ್ಕ. ಅಲ್ಲಿ ಅವಳು ಆ ಕಾಗದ ಹಿಡಿದುಕೊಂಡು ಒಬ್ಬಳೇ... ನನಗೆ ಹೆದರಿಕೆ.

ರಿಂಗಾಗುತ್ತಿದೆ. ಅವಳೇ. ಪೆನ್ನು ಇಡಯ್ಯ, ಎತ್ತು —